ಯಂತ್ರಕ್ಕೆ ಮಾತು ಕಲಿಸಿದ ಗ್ರೇಸ್ ಹಾಪರ್

ತುಮಕೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನಗೂ ಗಣಕಯಂತ್ರಕ್ಕೂ ಇರುವ ನಂಟು ಬಲು ದೂರದ್ದು. ಆದರೂ ಕಳೆದ ವರ್ಷ ಒಂದು ಮಧ್ಯಾಹ್ನ, ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಸೂತ್ರವನ್ನು ಹೇಳಿ, ವೃತ್ತಿಯಿಂದ ಬಿಡಿಸಿ, ಪ್ರಯೋಗಗಳಿಂದ ಸಮರ್ಥಿಸುವ ಕ್ರಮವನ್ನು ವಿವರಿಸಿ ಮುಗಿಸಿದಾಗ, ಕುಣಿಗಲ್ಲಿನಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಬಿ.ಸಿ.ಎ. ವಿದ್ಯಾರ್ಥಿಯೊಬ್ಬ ಮೇಜಿನ ಬಳಿ ಬಂದು ನಿಂತ. ತಾವು ಕಲಿಯುವ ಸಿ ಭಾಷೆಗೂ ಇಂಥದೊಂದು ಲಕ್ಷಣಗ್ರಂಥ ಉಂಟೆಂದೂ, ಲಕ್ಷಣ ಒಂದೇ ಆದರೂ ಆ ಭಾಷೆಯನ್ನು ಯಂತ್ರದ ಭಾಷೆಗೆ ತಿರುಗಿಸುವ ಅನುವಾದಕಗಳು ಹಲವೆಂದೂ, ಅವು ಏನನ್ನು ಹೇಗೆ ಅನುವಾದಿಸುತ್ತವೆಂಬುದನ್ನು ಈಗ ಯಾರು ಬೇಕಾದರೂ ಕಣ್ಣಾರೆ ನೋಡಬಹುದೆಂದೂ ಹೇಳಿ ತನ್ನ ಮೊಬೈಲನ್ನು ನನ್ನ ಮುಂದಿಟ್ಟ.

ಮ್ಯಾಟ್ ಗಾಡ್‌ಬೋಲ್ಟ್ ಎಂಬಾತ 2012ರಲ್ಲಿ ಆರಂಭಿಸಿದ ಕಂಪೈಲರ್ ಎಕ್ಸ್‌ಪ್ಲೋರರ್ ಎಂಬ ಸಾಧನವದು. ಪರದೆಯ ಎಡಭಾಗದಲ್ಲಿ ಮನುಷ್ಯ ಬರೆದ ಸಾಲು. ಬಲಭಾಗದಲ್ಲಿ ಅದರಿಂದ ಹುಟ್ಟಿದ ಯಂತ್ರದ ಆಜ್ಞೆಗಳು. ಅನುವಾದಕವನ್ನು, ಎಂದರೆ ಕಂಪೈಲರನ್ನು, ಬದಲಿಸಿದರೆ ಬಲಭಾಗವೂ ಬದಲಾಗುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ಆ ಹುಡುಗನಿಗೆ ಒಂದು ಸಂಶಯವಿತ್ತು. ಈ ಯಂತ್ರದ ತಾಯ್ನುಡಿ ಇಂಗ್ಲಿಷೇ ಆಗಿದ್ದರೆ ತನ್ನಂಥವನು ಅದರ ಮನೆಯಲ್ಲಿ ಎಂದೆಂದಿಗೂ ನೆಂಟನಾಗಿಯೇ ಉಳಿಯಬೇಕಲ್ಲವೇ ಎಂಬುದು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕಿಕೊಂಡು ಹೊರಟಾಗ ಪರಿಚಯವಾದವಳು ಗ್ರೇಸ್ ಹಾಪರ್.

ಆಕೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದ ಬಾಲೆ ಮನೆಯ ಗಡಿಯಾರದ ಒಳಗನ್ನು ತಿಳಿಯಬೇಕೆಂದು ಒಂದನ್ನು ಬಿಚ್ಚಿ, ಮತ್ತೆ ಜೋಡಿಸಲಾರದೆ, ಗುಟ್ಟು ತಿಳಿಯಲೆಂದು ಒಂದಾದಮೇಲೊಂದರಂತೆ ಏಳನ್ನೂ ಬಿಚ್ಚಿ ಹರಡಿದಳಂತೆ. ತಾಯಿ ಗದರಿಸಲಿಲ್ಲ; ಇನ್ನು ಮುಂದೆ ಒಂದೇ ಗಡಿಯಾರ ನಿನ್ನ ಪಾಲಿಗೆಂದು ಗೊತ್ತುಮಾಡಿದಳು. ಗಣಿತದಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ 1934ರಲ್ಲಿ ಡಾಕ್ಟರೇಟ್ ಪಡೆದು, ತಾನು ಓದಿದ ವಾಸರ್ ಕಾಲೇಜಿನಲ್ಲಿಯೇ ಅಧ್ಯಾಪಕಿಯಾಗಿ ನೆಲೆಗೊಂಡಳು. 1930ರಲ್ಲಿ ವಿನ್ಸೆಂಟ್ ಹಾಪರ್ ಎಂಬ ಸಾಹಿತ್ಯದ ಅಧ್ಯಾಪಕನೊಡನೆ ವಿವಾಹವೂ ಆಗಿತ್ತು. ನಮ್ಮಂಥವರ ಬಾಳು ಸಾಮಾನ್ಯವಾಗಿ ಇಲ್ಲಿಗೆ ಬಂದು ನಿಲ್ಲುತ್ತದೆ.

ಯುದ್ಧ ಆಕೆಯನ್ನು ಎಬ್ಬಿಸಿತು. ವಯಸ್ಸು ಮೂವತ್ತೇಳು, ದೇಹದ ತೂಕ ನಿಯಮಕ್ಕಿಂತ ಕಡಮೆ. ವಿಶೇಷ ಅನುಮತಿ ಪಡೆದು ನೌಕಾದಳದ ಮೀಸಲು ಪಡೆಯನ್ನು ಸೇರಿದಳು. 1944ರ ಜುಲೈಯಲ್ಲಿ ಹಾರ್ವರ್ಡಿಗೆ ಕಳುಹಿಸಲ್ಪಟ್ಟ ಆಕೆಗೆ ಎದುರಾದದ್ದು ಹೊವಾರ್ಡ್ ಐಕನ್ ಕಟ್ಟಿಸಿದ, 51 ಅಡಿ ಉದ್ದದ, ಮಾರ್ಕ್ ಒಂದು ಎಂಬ ಗಣಕಯಂತ್ರ. ರಂಧ್ರ ಕೊರೆದ ಕಾಗದದ ಪಟ್ಟಿಗಳ ಮೂಲಕ ಅದಕ್ಕೆ ಅಪ್ಪಣೆ ಕೊಡಬೇಕಾಗಿತ್ತು. ಅದನ್ನು ನಡೆಸುವ ಬಗೆಯನ್ನು ತಿಳಿಸುವ ಐನೂರಕ್ಕೂ ಮಿಕ್ಕ ಪುಟಗಳ ಗ್ರಂಥವನ್ನು ಬರೆಯುವ ಭಾರವೂ ಆಕೆಯ ಹೆಗಲಿಗೇ ಬಿತ್ತು. ಯಂತ್ರದೊಳಗೆ ಸಿಕ್ಕಿಕೊಂಡ ಪತಂಗದ ಕಥೆಯನ್ನು ಆಕೆಯ ಹೆಸರಿನೊಡನೆ ಎಲ್ಲರೂ ಹೇಳುತ್ತಾರೆ. 1947ರ ಸೆಪ್ಟೆಂಬರ್ 9ರಂದು ಮಾರ್ಕ್ ಎರಡು ಯಂತ್ರದಲ್ಲಿ ಪತಂಗವೊಂದು ಸಿಕ್ಕಿದ್ದೂ, ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿದ್ದೂ ದಿಟ. ಆದರೆ ಯಂತ್ರದ ದೋಷವನ್ನು ಹುಳುವೆಂದು ಕರೆಯುವ ರೂಢಿ ಅದಕ್ಕೂ ಹಳೆಯದು.

ನನಗೆ ಅದಕ್ಕಿಂತ ಹಿರಿದೆಂದು ತೋರಿದ ಸಂಗತಿ ಬೇರೆ. ಹಾರ್ವರ್ಡಿನಲ್ಲಿ ಒಬ್ಬೊಬ್ಬರೂ ತಮಗೆ ಬೇಕಾದ ಲೆಕ್ಕದ ತುಣುಕುಗಳನ್ನು ಮತ್ತೊಬ್ಬರ ಟಿಪ್ಪಣಿ ಪುಸ್ತಕದಿಂದ ಕೈಯಲ್ಲಿ ನಕಲುಮಾಡಿಕೊಳ್ಳುತ್ತಿದ್ದರು. ನಕಲು ಮಾಡುವಲ್ಲಿ ನಾಲ್ಕು ಎಂಬ ಅಂಕಿ ಅಕ್ಷರವಾಗುತ್ತಿತ್ತು. ಬಿ ಎಂಬ ಅಕ್ಷರ ಹದಿಮೂರಾಗುತ್ತಿತ್ತು. ಓಲೆಗರಿಯ ಪ್ರತಿಗಳನ್ನು ಹೋಲಿಸಿ ನೋಡಿದವರಿಗೆ ಈ ವ್ಯಥೆಯನ್ನು ವಿವರಿಸಬೇಕಾಗಿಲ್ಲ. ಪದ್ಯ ಕೆಟ್ಟುದಕ್ಕೆ ಕವಿಯನ್ನು ದೂರುತ್ತೇವೆ, ತಪ್ಪು ಲಿಪಿಕಾರನದಾಗಿರುತ್ತದೆ. ನಕಲು ಮಾಡುವುದರಲ್ಲಿ ಮನುಷ್ಯನಿಗಿಂತ ಯಂತ್ರವೇ ಮೇಲೆಂದಮೇಲೆ ಆ ಕೆಲಸವನ್ನು ಯಂತ್ರಕ್ಕೇ ಏಕೆ ವಹಿಸಬಾರದೆಂಬುದು ಆಕೆಯ ತರ್ಕ.

ಆ ತರ್ಕ ಫಲಿಸುವ ಮುನ್ನ ಕಷ್ಟದ ವರ್ಷಗಳನ್ನು ಆಕೆ ದಾಟಬೇಕಾಯಿತು. 1945ರಲ್ಲಿ ವಿವಾಹ ಮುರಿಯಿತು. ಹಾರ್ವರ್ಡಿನಲ್ಲಿ ಖಾಯಂ ಸ್ಥಾನ ದೊರೆಯಲಿಲ್ಲ. 1949ರಲ್ಲಿ ಎಕರ್ಟ್ ಮತ್ತು ಮಾಕ್ಲಿಯವರ ಹೊಸ ಸಂಸ್ಥೆಯನ್ನು ಸೇರಿದ ಆಕೆ ಆ ದಿನಗಳಲ್ಲಿ ಮದ್ಯದ ಸೆಳೆತಕ್ಕೂ ಒಳಗಾಗಿದ್ದಳೆಂದು ಚರಿತ್ರಕಾರರು ದಾಖಲಿಸಿದ್ದಾರೆ. ಹಿರಿಯರ ಜೀವನಚರಿತ್ರೆ ಬರೆಯುವಾಗ ಇಂಥ ಮಾತನ್ನು ಮರೆಸುವುದು ನಮ್ಮಲ್ಲಿ ರೂಢಿ. ನನಗೇನೋ ಅದನ್ನು ಗೆದ್ದು ಎದ್ದವಳ ಹಿರಿಮೆ ಅದರಿಂದ ಹೆಚ್ಚುತ್ತದೆಂದೇ ತೋರುತ್ತದೆ.

ಆ ಸಂಸ್ಥೆಯ ಯೂನಿವ್ಯಾಕ್ ಯಂತ್ರಕ್ಕಾಗಿ, 1952ರ ವೇಳೆಗೆ, ಎ-ಸೊನ್ನೆ ಎಂಬುದನ್ನು ಸಿದ್ಧಪಡಿಸಿದಳು. ಪರೀಕ್ಷಿಸಿಟ್ಟ ಲೆಕ್ಕದ ತುಣುಕುಗಳು ಸುರುಳಿಯಲ್ಲಿರುತ್ತವೆ. ಸಂಕೇತದಿಂದ ಕರೆದರೆ ಯಂತ್ರವೇ ಅವನ್ನು ಹುಡುಕಿ ತಂದು, ಕ್ರಮವಾಗಿ ಜೋಡಿಸಿ, ತನಗೆ ಬೇಕಾದ ಪ್ರೋಗ್ರಾಮನ್ನು ತಾನೇ ಬರೆದುಕೊಳ್ಳುತ್ತದೆ. ಇಂದಿನ ಅರ್ಥದಲ್ಲಿ ಅದು ಪೂರ್ಣ ಅನುವಾದಕವಲ್ಲ, ಜೋಡಣೆಗಾರ ಮಾತ್ರವೆಂದು ಬಲ್ಲವರು ಹೇಳುತ್ತಾರೆ, ಇರಬಹುದು. ಯಂತ್ರ ಕೂಡಿ ಕಳೆಯಬಲ್ಲುದೇ ಹೊರತು ಬರೆಯಲಾರದೆಂದು ಪಂಡಿತರು ನಂಬಿದ್ದ ಕಾಲದಲ್ಲಿ, ಎದುರಿಗೆ ಕೆಲಸಮಾಡುತ್ತಿದ್ದುದನ್ನು ನೋಡಿಯೂ ಅದನ್ನು ಒಪ್ಪುವವರಿಲ್ಲದಾಗ, ಆಕೆ ಹಿಡಿದ ದಾರಿಯನ್ನು ಬಿಡಲಿಲ್ಲ.

ಮುಂದಿನ ಹೆಜ್ಜೆ ಫ್ಲೋ-ಮ್ಯಾಟಿಕ್. ವ್ಯಾಪಾರದ ಲೆಕ್ಕ ಬರೆಯುವವರಿಗೆ ಬೀಜಗಣಿತದ ಚಿಹ್ನೆಗಳು ಬೇಡ, ಬಳಕೆಯ ಮಾತುಗಳು ಸಾಕೆಂದು, ಇಂಗ್ಲಿಷ್ ಪದಗಳಲ್ಲಿಯೇ ಆಜ್ಞೆ ಕೊಡುವ ಏರ್ಪಾಡು ಅದು. ಸಂಸ್ಥೆಯ ಮೇಲಧಿಕಾರಿಗಳಿಂದ ಹಣ ಕೇಳಲು ಹೋದಾಗ ಆಕೆ ಒಂದು ಪ್ರಯೋಗ ಮಾಡಿ ತೋರಿಸಿದಳು. ಒಂದೇ ಪ್ರೋಗ್ರಾಮನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಫ್ರೆಂಚಿನಲ್ಲಿ, ಬಳಿಕ ಜರ್ಮನ್ ಭಾಷೆಯಲ್ಲಿ ಕೊಟ್ಟಳು. ಯಂತ್ರ ಮೂರನ್ನೂ ಒಂದೇ ಬಗೆಯಲ್ಲಿ ನಡೆಸಿತು. ಮೇಲಧಿಕಾರಿಗಳು ಮೆಚ್ಚುವ ಬದಲು ಬೆಚ್ಚಿದರು. ಅಮೆರಿಕದಲ್ಲಿ ಹುಟ್ಟಿದ ಯಂತ್ರಕ್ಕೆ ಪರಭಾಷೆ ತಿಳಿಯುವುದೆಂದರೇನು! ಯಂತ್ರಕ್ಕೆ ಇಂಗ್ಲಿಷೂ ತಿಳಿಯದು, ಪದವೆಂಬುದು ಅದರ ಪಾಲಿಗೆ ಬರಿಯ ಗುರುತು ಎಂಬುದನ್ನು ಮನಗಾಣಿಸಲು ಆಕೆಗೆ ತಿಂಗಳುಗಳೇ ಹಿಡಿದವಂತೆ. ನನ್ನ ಕುಣಿಗಲ್ಲಿನ ಹುಡುಗನ ಸಂಶಯವೇ ಆ ಮಹನೀಯರದೂ ಆಗಿತ್ತು, ತಿರುಗುಮುರುಗಾಗಿ.

1959ರಲ್ಲಿ ಸರ್ಕಾರ, ಯಂತ್ರ ತಯಾರಕರು, ಬಳಕೆದಾರರು ಕೂಡಿ ಎಲ್ಲ ಯಂತ್ರಗಳಿಗೂ ಸಲ್ಲುವ ವ್ಯಾಪಾರ ಭಾಷೆಯೊಂದನ್ನು ರೂಪಿಸಲು ಹೊರಟರು. ಕೋಬಾಲ್ ಎಂಬ ಆ ಭಾಷೆಯನ್ನು ಬರೆದ ಸಮಿತಿಯಲ್ಲಿ ಹಾಪರ್ ಸದಸ್ಯಳಲ್ಲ, ಸಲಹೆಗಾರ್ತಿ. ಜೀನ್ ಸ್ಯಾಮೆಟ್ ಮೊದಲಾದವರ ದುಡಿಮೆಯನ್ನು ಮರೆತು ಎಲ್ಲವನ್ನೂ ಈಕೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೆ ಅದರ ಮೈಕಟ್ಟು ಬಹುಮಟ್ಟಿಗೆ ಫ್ಲೋ-ಮ್ಯಾಟಿಕ್‌ನದು. 1960ರ ಡಿಸೆಂಬರಿನಲ್ಲಿ ಬೇರೆ ಬೇರೆ ಸಂಸ್ಥೆಗಳ ಎರಡು ಯಂತ್ರಗಳ ಮೇಲೆ ಹೆಚ್ಚುಕಡಮೆ ಒಂದೇ ಪ್ರೋಗ್ರಾಂ ನಡೆದು ತೋರಿತು. ಗುಬ್ಬಿ ಕಂಪನಿ ಯಾವ ಊರಿನಲ್ಲಿ ರಂಗ ಹೂಡಿದರೂ ನಾಟಕ ಅದೇ ಆಗಿರುತ್ತಿತ್ತಲ್ಲ, ಹಾಗೆ.

ನಾಟಕ ಅದೇ ಆಗಿ ಉಳಿಯಬೇಕಾದರೆ ಕಾಯುವವರು ಬೇಕು. ಅರುವತ್ತು ತುಂಬಿದ ಹಾಪರಳನ್ನು ನೌಕಾದಳ 1966ರ ಕೊನೆಯಲ್ಲಿ ನಿವೃತ್ತಿಗೊಳಿಸಿತು. ಏಳೆಂಟು ತಿಂಗಳು ಕಳೆಯುವುದರೊಳಗೆ, 1967ರ ಆಗಸ್ಟಿನಲ್ಲಿ, ಆರು ತಿಂಗಳ ಕೆಲಸವೆಂದು ಮರಳಿ ಕರೆಯಿತು. ಒಂದೊಂದು ಸಂಸ್ಥೆಯೂ ಕೋಬಾಲ್ ಎಂಬ ಒಂದೇ ಹೆಸರಿನಲ್ಲಿ ತನ್ನದೇ ಉಪಭಾಷೆಯನ್ನು ಮಾರುತ್ತಿತ್ತು. ಒಂದು ಕಚೇರಿಯಲ್ಲಿ ಬರೆದುದು ಮತ್ತೊಂದರಲ್ಲಿ ನಡೆಯುತ್ತಿರಲಿಲ್ಲ. 1968ರಲ್ಲಿ ಕೋಬಾಲಿನ ಅಧಿಕೃತ ಲಕ್ಷಣ ಪ್ರಕಟವಾಯಿತಾದರೂ ಲಕ್ಷಣವನ್ನು ಅಚ್ಚುಹಾಕಿದ ಮಾತ್ರಕ್ಕೆ ಯಾರೂ ಪಾಲಿಸುವುದಿಲ್ಲ. ಹಾಪರಳ ತಂಡ ಅದಕ್ಕೆ ಒರೆಗಲ್ಲನ್ನು ಸಿದ್ಧಗೊಳಿಸಿತು: ಪರೀಕ್ಷೆಯ ಪ್ರೋಗ್ರಾಮುಗಳ ಒಂದು ಕಂತೆ. ಕಂಪೈಲರನ್ನು ತಂದವರು ಆ ಕಂತೆಯನ್ನು ಅದರ ಮೂಲಕ ಹಾಯಿಸಬೇಕು. ಎಲ್ಲಿ ಎಡವಿತೆಂಬುದು ಅಲ್ಲಿಯೇ ಬಯಲಾಗುತ್ತದೆ. ಕೇಶಿರಾಜನ ಪ್ರಯೋಗಗಳು ಕವಿಯ ನುಡಿಯಿಂದ ಸೂತ್ರವನ್ನು ಸಮರ್ಥಿಸಿದುವು; ಇವು ಸೂತ್ರದಿಂದ ಅನುವಾದಕವನ್ನು ಅಳೆದುವು. ಈ ಕೆಲಸಕ್ಕೆ ಪತಂಗದ ಕಥೆಗಿರುವ ರುಚಿಯಿಲ್ಲ. ಅದರಿಂದಲೇ ಯಾರೂ ಹೇಳುವುದಿಲ್ಲ.

ಆರು ತಿಂಗಳು ಹತ್ತೊಂಬತ್ತು ವರ್ಷಗಳಾದುವು. ಆ ವರ್ಷಗಳಲ್ಲಿ ಆಕೆ ಊರೂರು ತಿರುಗಿ, ಒಂದು ಅಡಿಗೆ ತುಸು ಕಡಮೆಯಾದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚುತ್ತಿದ್ದಳು; ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ವಿದ್ಯುತ್ತು ಹೋಗಬಲ್ಲ ಗರಿಷ್ಠ ದೂರ ಅಷ್ಟೆಂದು ತೋರಿಸಲು. ಆಕೆಯ ಕೊಠಡಿಯ ಗಡಿಯಾರ ಹಿಮ್ಮುಖವಾಗಿ ತಿರುಗುತ್ತಿತ್ತು. 1986ರ ಆಗಸ್ಟಿನಲ್ಲಿ ರಿಯರ್ ಅಡ್ಮಿರಲ್ ಪದವಿಯಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಬಾಸ್ಟನ್ನಿನಲ್ಲಿ ಕಾನ್‌ಸ್ಟಿಟ್ಯೂಷನ್ ಎಂಬ ಹಳೆಯ ಹಡಗಿನ ಮೇಲೆ ನಿವೃತ್ತಳಾದಳು. 1992ರ ಜನವರಿ 1ರಂದು ತೀರಿಕೊಂಡಳು.

ಇಷ್ಟನ್ನು ತಿಳಿದುಕೊಂಡಮೇಲೆ ಆ ಹುಡುಗನನ್ನು ಕರೆಸಿದೆ. ಮತ್ತೆ ಆ ಪರದೆಯನ್ನು ತೆರೆಯಿಸಿ, ಎಡಭಾಗದ ಸಾಲಿನಲ್ಲಿ ಇಂಗ್ಲಿಷಿನಲ್ಲಿದ್ದ ಒಂದು ಹೆಸರನ್ನು ಅಳಿಸಿ ಆ ಜಾಗದಲ್ಲಿ ಮೊತ್ತ ಎಂದು ಕನ್ನಡದಲ್ಲಿ ಬರೆಯಹೇಳಿದೆ. ಇಬ್ಬರೂ ಬಲಭಾಗವನ್ನು ನೋಡುತ್ತ ಕುಳಿತೆವು. ಅಲ್ಲಿಯ ಆಜ್ಞೆಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ.