ಕಡಲನ್ನು ಮನೆಗೆ ತಂದ ಗಾಸ್

ಇಂದು ದೊಡ್ಡ ನಗರಗಳ ಕೆಲವು ಮನೆಗಳಲ್ಲಿ ನಡುಮನೆಯ ಗೋಡೆಯಷ್ಟೇ ಉದ್ದದ ಗಾಜಿನ ತೊಟ್ಟಿಯನ್ನು ಕಟ್ಟಿಸಿ, ಅದರೊಳಗೆ ಹವಳದ ದಿಬ್ಬವೊಂದನ್ನು ಬೆಳೆಸುವ ಹವ್ಯಾಸವುಂಟು. ನೆಲವು ಅದರ ಭಾರವನ್ನು ತಾಳಬಲ್ಲದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಕೆಳಗೆ ಕಣ್ಣಿಗೆ ಕಾಣದಂತೆ ಇನ್ನೊಂದು ತೊಟ್ಟಿಯನ್ನಿಟ್ಟು, ಪಂಪಿನಿಂದ ನೀರನ್ನು ಹಗಲಿರುಳೂ ಮೇಲೆ ಕೆಳಗೆ ಹರಿಯಿಸಬೇಕು. ಉಪ್ಪನ್ನು ಬೆರೆಸಿ ಕಡಲ ನೀರನ್ನು ಮನೆಯಲ್ಲಿಯೇ ಸಿದ್ಧಪಡಿಸಬೇಕು. ಅದು ಹದಕ್ಕೆ ಬರುವವರೆಗೆ ವಾರಗಟ್ಟಲೆ ಬರಿಯ ಕಲ್ಲನ್ನೇ ನೋಡುತ್ತ ಕಾದಿರಬೇಕು. ಈ ಸಡಗರದ ಮೂಲವನ್ನು ಹುಡುಕುತ್ತ ಹೋದರೆ ನಾವು ತಲಪುವುದು ಶ್ರೀಮಂತನೊಬ್ಬನ ಮಹಲಿಗಲ್ಲ. ಲೇಖನಿಯಿಂದಲೇ ಹೊಟ್ಟೆ ಹೊರೆಯುತ್ತಿದ್ದ, ಬೈಬಲ್ಲಿನ ಅಕ್ಷರ ಅಕ್ಷರವನ್ನೂ ನಂಬಿದ್ದ ಒಬ್ಬ ಆಂಗ್ಲ ನಿಸರ್ಗಶಾಸ್ತ್ರಜ್ಞನ ಬಾಡಿಗೆಯ ಕೋಣೆಗೆ. ಅವನ ಹೆಸರು ಫಿಲಿಪ್ ಹೆನ್ರಿ ಗಾಸ್.

ಗಾಸನು 1810ರ ಏಪ್ರಿಲ್ 6ರಂದು ವೂಸ್ಟರ್ ಪಟ್ಟಣದಲ್ಲಿ ಜನಿಸಿದನು. ತಂದೆ ಊರೂರು ತಿರುಗಿ ಅಂಗೈಯಗಲದ ಭಾವಚಿತ್ರಗಳನ್ನು ಬರೆಯುತ್ತಿದ್ದ ಬಡ ಚಿತ್ರಕಾರ. ಕುಂಚದ ಆ ಸೂಕ್ಷ್ಮತೆಯು ಮಗನ ಕೈಗೂ ಇಳಿದು ಬಂದಿತು. ಮುಂದೆ ಅವನು ತನ್ನ ಗ್ರಂಥಗಳ ವರ್ಣಚಿತ್ರಗಳನ್ನು ತಾನೇ ಬರೆದನು. ಬಾಲ್ಯವು ಪೂಲ್ ಎಂಬ ಕಡಲತಡಿಯ ಊರಿನಲ್ಲಿ ಕಳೆಯಿತು. ಕಡಲ ಹೂಗಳೆಂದು ಕರೆಯಬಹುದಾದ ಅನಿಮೋನಿ ಜೀವಿಗಳನ್ನು ಪಾತ್ರೆಯಲ್ಲಿ ಕಡಲ ನೀರು ಹಾಕಿ ಇಟ್ಟುಕೊಳ್ಳಬಹುದೆಂದು ಅಲ್ಲಿ ಅವನಿಗೆ ತೋರಿಸಿಕೊಟ್ಟವಳು ಅವನ ಸೋದರತ್ತೆ.

ಹದಿನೇಳನೆಯ ವಯಸ್ಸಿನಲ್ಲಿ, 1827ರಲ್ಲಿ, ಅವನು ನ್ಯೂಫೌಂಡ್‌ಲ್ಯಾಂಡಿನ ಮೀನು ವ್ಯಾಪಾರದ ಕೋಠಿಯೊಂದಕ್ಕೆ ಗುಮಾಸ್ತನಾಗಿ ಹೋದನು. ಅಲ್ಲಿ ಕೈಗೆ ಬಂದ ಸೂಕ್ಷ್ಮದರ್ಶಕದ ಹಳೆಯ ಪುಸ್ತಕವೊಂದು ಅವನನ್ನು ಕೀಟಗಳ ಕಡೆಗೂ, ಅದೇ 1832ನೆಯ ವರ್ಷದ ಆಧ್ಯಾತ್ಮಿಕ ಕಳವಳವು ದೇವರ ಕಡೆಗೂ ತಿರುಗಿಸಿದವು. ಈ ಎರಡು ಒಲವುಗಳೂ ಅವನನ್ನು ಕೊನೆಯವರೆಗೆ ಬಿಡಲಿಲ್ಲ. ಕೆನಡದಲ್ಲಿ ಮೂರು ವರ್ಷ ಬೇಸಾಯ ಮಾಡಿ ಸೋತನು. ಅಲಬಾಮದಲ್ಲಿ ಕೆಲವು ತಿಂಗಳು ಉಪಾಧ್ಯಾಯನಾಗಿದ್ದು, ಅಲ್ಲಿನ ಗುಲಾಮಗಿರಿಯನ್ನು ಕಂಡು ಮನನೊಂದು, 1839ರಲ್ಲಿ ಬರಿಗೈಯಲ್ಲಿ ಸ್ವದೇಶಕ್ಕೆ ಮರಳಿದನು. ಕೆನಡದ ನಿಸರ್ಗವನ್ನು ಕುರಿತ ಮೊದಲ ಗ್ರಂಥವು 1840ರಲ್ಲಿ ಹೊರಬಂದಿತು. 1844ರಿಂದ ಹದಿನೆಂಟು ತಿಂಗಳು ಜಮೈಕದಲ್ಲಿದ್ದು ಆ ದ್ವೀಪದ ಹಕ್ಕಿಗಳನ್ನು ಅಭ್ಯಾಸ ಮಾಡಿದನು.

1848ರಲ್ಲಿ ಎಮಿಲಿ ಬೋಸ್ ಎಂಬ ವಿದುಷಿಯನ್ನು ವರಿಸಿದನು. ಮರುವರ್ಷದ ಸೆಪ್ಟೆಂಬರಿನಲ್ಲಿ ಮಗನು ಹುಟ್ಟಿದ ದಿನ, ಜಮೈಕದಿಂದ ಹಸಿರು ಕವಲುತೋಕೆ ಹಕ್ಕಿಯೊಂದು ಬಂದು ತಲಪಿತೆಂಬುದನ್ನೂ ಗಾಸನು ದಿನಚರಿಯಲ್ಲಿ ಮಗನ ಜನನದ ಪಕ್ಕದಲ್ಲಿಯೇ ಬರೆದಿಟ್ಟನು. ಇದನ್ನು ಎತ್ತಿ ಆಡಿ ನಕ್ಕವರು ಬಹಳ. ಆದರೆ ಮಗನಷ್ಟೇ ಹಕ್ಕಿಯೂ ದೇವರ ಕೊಡುಗೆಯೆಂದು ತಿಳಿದವನ ಬರವಣಿಗೆಯನ್ನು ಬೇರೆ ರೀತಿಯಲ್ಲಿಯೂ ಓದಬಹುದು.

ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟು, 1852ರ ಆರಂಭದಲ್ಲಿ ಗಾಸನು ಹೆಂಡತಿ ಮಗುವಿನೊಡನೆ ಲಂಡನ್ನನ್ನು ಬಿಟ್ಟು ಡೆವನ್ ತೀರಕ್ಕೆ ಬಂದನು. ಅಕ್ವೇರಿಯಮ್ಮಿನ ಕಥೆ ಮೊದಲಾಗುವುದು ಇಲ್ಲಿ.

ಕಡಲ ಜೀವಿಯನ್ನು ಪಾತ್ರೆಯಲ್ಲಿಟ್ಟರೆ ಅದು ಬೇಗನೆ ಸಾಯುವುದೇಕೆ? ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅದು ಉಸಿರಾಡಿ ಮುಗಿಸುತ್ತದೆ; ತನ್ನ ಹೊಲಸಿನಿಂದ ನೀರನ್ನು ತಾನೇ ವಿಷವಾಗಿಸುತ್ತದೆ. ಆದ್ದರಿಂದ ದಿನದಿನವೂ ನೀರನ್ನು ಬದಲಾಯಿಸಬೇಕಾಗುತ್ತಿತ್ತು, ಕಡಲಿನಿಂದ ದೂರವಿದ್ದವರಿಗೆ ಅದು ಸಾಧ್ಯವೇ ಇರಲಿಲ್ಲ. ಗಾಸನಿಗಿಂತ ಮೊದಲೇ ಈ ಗಂಟನ್ನು ಬಿಡಿಸಲು ಯತ್ನಿಸಿದವರಲ್ಲಿ ಇಬ್ಬರು ಮಹಿಳೆಯರು ಸ್ಮರಣೀಯರು. 1832ರ ವೇಳೆಗೆ ಸಿಸಿಲಿಯ ಮೆಸ್ಸೀನದಲ್ಲಿ ಜೀನ್ ವಿಲ್‌ಪ್ರೂ ಪವರ್ ಎಂಬ ಫ್ರೆಂಚ್ ಮಹಿಳೆ ಗಾಜಿನ ತೊಟ್ಟಿಗಳನ್ನು ಮಾಡಿಸಿ ಕಡಲ ಪ್ರಾಣಿಗಳನ್ನು ಅಭ್ಯಾಸ ಮಾಡಿದ್ದಳು. 1846ರಲ್ಲಿ ಆನಾ ಥಿನ್ ಎಂಬಾಕೆ ಟಾರ್ಕಿಯಿಂದ ಲಂಡನ್ನಿಗೆ ಜೀವಂತ ಹವಳಗಳನ್ನು ತಂದು ಸಾಕಿದಳು; ನೀರಿಗೆ ಗಾಳಿ ಬೆರೆಯಲೆಂದು ಅವಳ ಮನೆಯ ಸೇವಕಿ ದಿನವೂ ತೆರೆದ ಕಿಟಕಿಯ ಮುಂದೆ ನಿಂತು ಅದನ್ನು ಪಾತ್ರೆಯಿಂದ ಪಾತ್ರೆಗೆ ಬಹಳ ಹೊತ್ತು ಸುರಿಯುತ್ತಿದ್ದಳು. ಇಂದಿನ ಪಂಪು ಮಾಡುವ ಕೆಲಸವನ್ನು ಮೊದಲು ಮಾಡಿದವಳು ಹೆಸರು ಉಳಿಯದ ಆ ಸೇವಕಿಯೆಂದೇ ನಾನು ಭಾವಿಸುತ್ತೇನೆ. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಸಿಹಿನೀರಿನಲ್ಲಿ ಮೀನು, ನೀರುಗಿಡ, ಬಸವನಹುಳು ಮೂರನ್ನೂ ಕೂಡಿಸಿ, ನೀರನ್ನು ಬದಲಿಸದೆಯೇ ಅವು ಬಾಳುವುದನ್ನು ತೋರಿಸಿದನು. ಗಿಡವು ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ. ಬಸವನಹುಳು ಕೊಳೆತುದನ್ನು ತಿನ್ನುತ್ತದೆ.

ಗಾಸನು ಇದೇ ಸಮತೋಲವನ್ನು ಉಪ್ಪುನೀರಿನಲ್ಲಿ ಹುಡುಕತೊಡಗಿದನು. ಉಳಿ ಸುತ್ತಿಗೆಗಳನ್ನು ಹಿಡಿದು, ಕಡಲು ಇಳಿದಾಗ ಬಂಡೆಗಳ ನಡುವೆ ಉಳಿಯುವ ಮಡುಗಳಿಗೆ ಸೊಂಟದವರೆಗೆ ಇಳಿಯುತ್ತಿದ್ದನು. ಕಡಲಕಳೆಯನ್ನು ಕಿತ್ತು ತಂದರೆ ಅದು ಕೊಳೆಯುತ್ತದೆ. ಅಂಟಿಕೊಂಡ ಕಲ್ಲಿನ ಚೂರಿನೊಡನೆ ಒಡೆದು ತಂದರೆ ಬದುಕುತ್ತದೆ. ದೊಡ್ಡ ಕಂದು ಕಳೆಗಳು ನೀರನ್ನು ಕೆಡಿಸುತ್ತವೆ. ಹಸಿರು ಕೆಂಪು ಬಗೆಯ ಸಣ್ಣವು ಒಗ್ಗುತ್ತವೆ. ಇಂಥ ಸಣ್ಣ ಸಣ್ಣ ಸಂಗತಿಗಳಲ್ಲಿಯೇ ಸೋಲು ಗೆಲುವು ಅಡಗಿತ್ತು. ಅದೇ ವರ್ಷ ಇಲ್ಫ್ರಕೂಮ್ ತೀರದ ಬಂಡೆಗಳಲ್ಲಿ ಕಡುಗೆಂಪು ಹೊಂಬಣ್ಣಗಳ ಪುಟ್ಟ ಹವಳವೊಂದು ಅವನಿಗೆ ದೊರೆಯಿತು. ಬಲನೊಫಿಲಿಯ ರೀಜಿಯ ಎಂದು ಅದಕ್ಕೆ ಹೆಸರಿಟ್ಟವನು ಅವನೇ. ಹವಳವೆಂದರೆ ಉಷ್ಣವಲಯದ್ದೆಂದೇ ತಿಳಿದಿದ್ದವರಿಗೆ ತಣ್ಣನೆಯ ಇಂಗ್ಲಿಷ್ ಕಡಲಿನ ಈ ಒಡವೆಯು ಆಶ್ಚರ್ಯವನ್ನುಂಟುಮಾಡಿತು.

1853ರ ಮೇ ತಿಂಗಳಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹವು ತೆರೆದಾಗ, ಅದರ ತೊಟ್ಟಿಗಳಿಗೆ ಕಡಲ ಜೀವಿಗಳನ್ನು ಒದಗಿಸಿದವರಲ್ಲಿ ಮುಖ್ಯನು ಗಾಸ್. ಮರುವರ್ಷ ಅವನ ‘ದಿ ಅಕ್ವೇರಿಯಂ’ ಎಂಬ ಗ್ರಂಥವು ಪ್ರಕಟವಾಯಿತು. ಲ್ಯಾಟಿನ್ನಿನಲ್ಲಿ ದನಗಳು ನೀರು ಕುಡಿಯುವ ತಾಣಕ್ಕೆ ಸಲ್ಲುತ್ತಿದ್ದ ಆ ಪದವು ಇಂದಿನ ಅರ್ಥದಲ್ಲಿ ಲೋಕದ ಬಾಯಲ್ಲಿ ನಿಂತುದು ಈ ಪುಸ್ತಕದಿಂದ. 1855ರಲ್ಲಿ ಅದರ ಕೈಪಿಡಿಯೊಂದನ್ನು ಅಗ್ಗದ ಬೆಲೆಗೆ ಹೊರತಂದನು.

ಗೃಹಸ್ಥರಿಗೆ ಅವನು ಕೊಟ್ಟ ಸೂಚನೆಗಳು ಇಂದಿಗೂ ಹಳತಾಗಿಲ್ಲ. ಬಿಸಿಲು ಹೆಚ್ಚಾದರೆ ಗಾಜಿಗೆ ಪಾಚಿ ಕಟ್ಟುತ್ತದೆ. ಕಡಿಮೆಯಾದರೆ ಕಳೆಗಳು ಉಸಿರು ಬಿಡವು. ಸತ್ತ ಜೀವಿಯನ್ನು ಕೂಡಲೇ ತೆಗೆಯಬೇಕು. ನೀರು ಆವಿಯಾಗಿ ತಗ್ಗಿದಾಗ ತುಂಬಬೇಕಾದುದು ಸಿಹಿನೀರನ್ನು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಇನ್ನು ಕಡಲಿಲ್ಲದ ಊರಿನವರಿಗೆಂದು ಅವನು ನೀರನ್ನೇ ತಯಾರಿಸಿ ನೋಡಿದನು. ಕಡಲ ನೀರಿನ ರಾಸಾಯನಿಕ ವಿಶ್ಲೇಷಣೆಯನ್ನು ಮುಂದಿಟ್ಟುಕೊಂಡು, ಅತ್ಯಲ್ಪವಾಗಿದ್ದ ಅಂಶಗಳನ್ನು ಬಿಟ್ಟು, ಅಡಿಗೆಯ ಉಪ್ಪು ಮೂರೂವರೆ ಔನ್ಸ್, ಎಪ್ಸಂ ಉಪ್ಪು ಕಾಲು ಔನ್ಸ್, ಮೆಗ್ನೀಸಿಯಂ ಕ್ಲೋರೈಡ್ 200 ಗ್ರೇನ್, ಪೊಟ್ಯಾಸಿಯಂ ಕ್ಲೋರೈಡ್ 40 ಗ್ರೇನ್ ಎಂದು ಪ್ರಮಾಣವನ್ನು ಗೊತ್ತುಮಾಡಿದನು. ಇಷ್ಟನ್ನು ಒಂದು ಗ್ಯಾಲನ್ನಿಗೆ ತುಸು ಕಡಿಮೆ ನೀರಿನಲ್ಲಿ ಕರಗಿಸಬೇಕು. ಮೊದಲು ಕಳೆಗಳನ್ನು ಮಾತ್ರ ಬಿಟ್ಟು, ಕೆಲವು ದಿನಗಳಾದ ಮೇಲೆ ಜೀವಿಗಳನ್ನು ಇಳಿಬಿಟ್ಟನು, ಅವು ಬದುಕಿದವು. ಈಗ ಪೊಟ್ಟಣಗಳಲ್ಲಿ ಮಾರುವ ಕಡಲುಪ್ಪಿನ ಮಿಶ್ರಣಗಳಿಗೆ ಹವಳದ ಅಸ್ಥಿಗೆ ಬೇಕಾದ ಸುಣ್ಣದ ಅಂಶವೂ ಸೇರಿದೆ. ಆದರೆ ಅವು ನಡೆಯುವ ದಾರಿ ಗಾಸನದೇ.

ಮುಂದಿನ ಕೆಲವು ವರ್ಷ ಇಂಗ್ಲೆಂಡಿಗೆ ಅಕ್ವೇರಿಯಮ್ಮಿನ ಹುಚ್ಚೇ ಹಿಡಿಯಿತು. ಗಾಜಿನ ಮೇಲಿನ ಸುಂಕ 1845ರಲ್ಲಿಯೇ ರದ್ದಾಗಿತ್ತು, ರೈಲುಗಳು ಜನರನ್ನು ಕಡಲ ತೀರಕ್ಕೆ ಒಯ್ಯುತ್ತಿದ್ದವು. ಕಾದಂಬರಿಕಾರ ಚಾರ್ಲ್ಸ್ ಕಿಂಗ್ಸ್ಲಿಯು 1855ರ ತನ್ನ ಪುಸ್ತಕವೊಂದರಲ್ಲಿ ಗಾಸನನ್ನು ಹೊಗಳಿ ಬರೆದನು. ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬ ವ್ಯಾಪಾರಿಯು ಲಂಡನ್ನಿನಲ್ಲಿ ತೊಟ್ಟಿಗಳನ್ನೂ ಜೀವಿಗಳನ್ನೂ ಮಾರುವ ಮಳಿಗೆಯನ್ನೇ ತೆರೆದನು. ಪ್ರದರ್ಶನದ ತೊಟ್ಟಿಗಳಿಗಿಂತ ಹಿರಿದಾದ ನೀರಿನ ಕೋಶವನ್ನು ಕೆಳಗೆ ಕತ್ತಲಿನಲ್ಲಿಟ್ಟು ನೀರನ್ನು ಸದಾ ಹರಿಯಿಸುವ ವಿಧಾನವನ್ನು, 1871ರಲ್ಲಿ ಕ್ರಿಸ್ಟಲ್ ಪ್ಯಾಲೆಸ್ಸಿನ ಅಕ್ವೇರಿಯಮ್ಮಿನಲ್ಲಿ, ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದವನೂ ಈ ಲಾಯ್ಡನೇ.

1856ರಲ್ಲಿ ಗಾಸನು ರಾಯಲ್ ಸೊಸೈಟಿಯ ಸದಸ್ಯನಾದನು. ಮರುವರ್ಷವೇ ಎರಡು ಪೆಟ್ಟುಗಳು ಬಿದ್ದವು. ಫೆಬ್ರವರಿಯಲ್ಲಿ ಎಮಿಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಳು. ಅದೇ ವರ್ಷ ‘ಆಂಫಲೋಸ್’ ಎಂಬ ಅವನ ಗ್ರಂಥವು ಹೊರಟಿತು. ಭೂಮಿಯ ಸ್ತರಗಳು ಸಾರುವ ದೀರ್ಘಕಾಲವನ್ನೂ ಬೈಬಲ್ಲಿನ ಆರು ದಿನಗಳ ಸೃಷ್ಟಿಯನ್ನೂ ಹೊಂದಿಸುವ ಸಾಹಸವದು: ಆದಿಮಾನವನು ತಾಯಿಯಿಲ್ಲದೆಯೂ ಹೊಕ್ಕುಳನ್ನು ಹೊತ್ತೇ ಬಂದಂತೆ, ಲೋಕವೂ ನಡೆಯದೆ ಇದ್ದ ಭೂತಕಾಲದ ಗುರುತುಗಳನ್ನು ಹೊತ್ತೇ ಸೃಷ್ಟಿಯಾಯಿತೆಂದು ಅವನ ವಾದ. ವಿಜ್ಞಾನಿಗಳು ಅದನ್ನು ತಿರಸ್ಕರಿಸಿದರು. ಆಸ್ತಿಕರಿಗೂ ಅದು ರುಚಿಸಲಿಲ್ಲ. ದೇವರು ಬಂಡೆಗಳ ಮೇಲೆ ಸುಳ್ಳನ್ನು ಬರೆದನೆಂದು ನಂಬಲಾರೆನೆಂದು ಕಿಂಗ್ಸ್ಲಿಯೇ ಹಿಂದೆ ಸರಿದನು.

ಗಾಸನು ಎಂಟು ವರ್ಷದ ಮಗನೊಡನೆ ಡೆವನ್ನಿನ ಸೇಂಟ್ ಮೇರಿಚರ್ಚ್ ಎಂಬ ಊರಿಗೆ ಹೋಗಿ ನೆಲಸಿದನು. ತಂದೆ ಮಗ ಇಬ್ಬರೂ ದಿನದಿನವೂ ಮಡುಗಳಿಗೆ ಇಳಿದು ಅನಿಮೋನಿಗಳನ್ನು ಅರಸಿದರು. ಬ್ರಿಟನ್ನಿನ ಅನಿಮೋನಿಗಳನ್ನೂ ಹವಳಗಳನ್ನೂ ಕುರಿತ ಅವನ ಮಹಾಗ್ರಂಥವು 1858ರಿಂದ 1860ರವರೆಗೆ ಹೀಗೆ ರೂಪುಗೊಂಡಿತು. ಆದರೆ ಆ ಮಡುಗಳಿಗೆ ಈಗ ಇಳಿಯುತ್ತಿದ್ದವರು ಇವರಿಬ್ಬರೇ ಅಲ್ಲ. ಅವನ ಪುಸ್ತಕಗಳನ್ನು ಕೈಯಲ್ಲಿ ಹಿಡಿದ ಜನರು, ಅವನು ಹೇಳಿಕೊಟ್ಟಂತೆಯೇ ಉಳಿ ಸುತ್ತಿಗೆಗಳಿಂದ ಬಂಡೆಯನ್ನು ಒಡೆದು, ಬುಟ್ಟಿಗಟ್ಟಲೆ ಜೀವಿಗಳನ್ನು ಹೊತ್ತುಕೊಂಡು ಹೋದರು. ಅವುಗಳಲ್ಲಿ ಬಹುಪಾಲು ಯಾರದೋ ನಡುಮನೆಯಲ್ಲಿ ಕೆಲವೇ ದಿನಗಳಲ್ಲಿ ಕೊಳೆತವು. ಯುಗಯುಗಗಳಿಂದ ಯಾರೂ ಮುಟ್ಟದೆ ಇದ್ದ ಮಡುಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಗಾಜಿನೊಳಗಿನ ಸಮತೋಲವನ್ನು ಅಷ್ಟೊಂದು ಎಚ್ಚರದಿಂದ ಕಾಯ್ದವನಿಗೆ ಗಾಜಿನ ಹೊರಗಿನದು ಕೆಡುವುದೆಂಬ ಶಂಕೆ ಮೊದಲು ಹುಟ್ಟಲಿಲ್ಲ. ಹುಟ್ಟಿದಾಗ ಕಾಲ ಮಿಂಚಿತ್ತು. ಈ ಹಾನಿಗೆ ತನ್ನ ಗ್ರಂಥಗಳೇ ಕಾರಣವೆಂಬ ಅರಿವು ಅವನನ್ನು ಬಹಳವಾಗಿ ನೋಯಿಸಿತು. ಹವಳವನ್ನು ಕಡಲಿನಿಂದ ಕೀಳುವುದಕ್ಕೆ ಈಗ ಹಲವು ದೇಶಗಳಲ್ಲಿ ನಿರ್ಬಂಧವಿದೆ; ಭಾರತದಲ್ಲಿ 2001ರಿಂದ ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಕಾಯಿದೆಯ ರಕ್ಷಣೆಯುಂಟು. ಗಾಸನ ಕಾಲದ ಡೆವನ್ನಿಗೆ ಅಂಥದೇನೂ ಇರಲಿಲ್ಲ.

1860ರಲ್ಲಿ ಅವನು ಎಲೈಜಾ ಬ್ರೈಟ್ವೆನ್ ಎಂಬಾಕೆಯನ್ನು ಮದುವೆಯಾದನು. ಮುಂದಿನ ವರ್ಷಗಳಲ್ಲಿ ಆರ್ಕಿಡ್ ಗಿಡಗಳನ್ನು ಬೆಳೆಸಿದನು. ಕಣ್ಣಿಗೆ ಕಾಣದ ರೋಟಿಫರ್ ಜೀವಿಗಳನ್ನು ಕುರಿತು ಹಡ್ಸನ್ ಎಂಬ ವಿದ್ವಾಂಸನೊಡನೆ 1886ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದನು. ಕ್ರಿಸ್ತನ ಪುನರಾಗಮನವನ್ನು ಕಣ್ಣಾರೆ ಕಾಣುವೆನೆಂದು ಅವನು ಕೊನೆಯವರೆಗೂ ನಿರೀಕ್ಷಿಸಿದ್ದನು. 1888ರ ಆಗಸ್ಟ್ 23ರಂದು ಸೇಂಟ್ ಮೇರಿಚರ್ಚಿನ ಮನೆಯಲ್ಲಿ ತೀರಿಕೊಂಡನು.

ತಂದೆಯ ಮತವನ್ನು ತೊರೆದು ಸಾಹಿತ್ಯ ವಿಮರ್ಶಕನಾಗಿ ಹೆಸರಾದ ಮಗ ಎಡ್ಮಂಡನು 1890ರಲ್ಲಿ ತಂದೆಯ ಜೀವನಚರಿತ್ರೆಯನ್ನು ಬರೆದನು. 1907ರಲ್ಲಿ ‘ಫಾದರ್ ಅಂಡ್ ಸನ್’ ಎಂಬ ಆತ್ಮಕಥನವನ್ನು ಮೊದಲು ತನ್ನ ಹೆಸರಿಲ್ಲದೆ ಹೊರತಂದನು. ತಂದೆಯ ಮತನಿಷ್ಠೆಯ ಕಾಠಿಣ್ಯವನ್ನು ಅದರಲ್ಲಿ ಮುಚ್ಚಿಡಲಿಲ್ಲ. ಇಬ್ಬರೂ ಕೂಡಿ ಬಗ್ಗಿ ನೋಡಿದ ಆ ಮಡುಗಳು ಹೇಗಿದ್ದವು, ಹೇಗೆ ಬರಿದಾದವು ಎಂಬುದನ್ನೂ ಅಲ್ಲಿಯೇ ಬರೆದಿಟ್ಟನು.