ಮಂಜಿಲ್ಲದ ಬೇಸಿಗೆಯಲ್ಲೂ ಐಸ್ ಹಾಕಿ ಕಲಿಸಿದ ತರಾಸೊವ್

ಹಾಕಿ ಅಂದ ಕೂಡಲೇ ನಮಗೆ ನೆನಪಾಗೋದು ಧ್ಯಾನ್‌ಚಂದ್, ಆಮೇಲೆ ನಮ್ಮ ಕೊಡಗು. ಈ ಸಲ ನಾವು ಹೇಳಹೊರಟಿರೋದು ಮಾತ್ರ ಇನ್ನೊಂದು ಹಾಕಿಯ ಕಥೆ. ಹುಲ್ಲಿನ ಬದಲು ಮಂಜುಗಡ್ಡೆ, ಚೆಂಡಿನ ಬದಲು ರಬ್ಬರಿನ ಪಕ್, ಶೂ ಬದಲು ಸ್ಕೇಟ್. ಈ ಆಟದಲ್ಲಿ ಹುಡುಗರನ್ನು ಹುಡುಕಿ, ತಿದ್ದಿ, ವಿಶ್ವ ಚಾಂಪಿಯನ್ ಮಾಡಿದವರು ಅನತೋಲಿ ತರಾಸೊವ್.

ಅವರು ಹುಟ್ಟಿದ್ದು 1918ರಲ್ಲಿ, ಮಾಸ್ಕೋದಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಹೋದರು. ಅನತೋಲಿ ಮತ್ತು ತಮ್ಮ ಯೂರಿ, ಇಬ್ಬರನ್ನೂ ತಾಯಿಯೇ ಸಾಕಿದರು. ಇಬ್ಬರೂ ಆಟಗಾರರಾದರು. ಆದರೆ 1950ರ ಜನವರಿಯಲ್ಲಿ ವಾಯುಪಡೆಯ ಹಾಕಿ ತಂಡ ಹೋಗ್ತಿದ್ದ ವಿಮಾನ ಅಪಘಾತಕ್ಕೀಡಾಯ್ತು. ಸತ್ತವರಲ್ಲಿ ಯೂರಿಯೂ ಇದ್ದರು.

ಸೋವಿಯತ್ ಒಕ್ಕೂಟದಲ್ಲಿ ಪಕ್ ಹಾಕಿಯ ಮೊದಲ ಚಾಂಪಿಯನ್‌ಶಿಪ್ ಶುರುವಾಗಿದ್ದೇ 1946ರಲ್ಲಿ. ಆಗ ಕೆನಡಾ ಈ ಆಟದ ರಾಜ. ಇಲ್ಲಿ ನೋಡಿದ್ರೆ ನೀರು ಹೆಪ್ಪುಗಟ್ಟಿದರೆ ಆಟ, ಕರಗಿದರೆ ರಜೆ ಅನ್ನೋ ಸ್ಥಿತಿ. ತರಾಸೊವ್ ರಜೆ ಕೊಡಲಿಲ್ಲ. ಸೇನೆಯ ತಂಡ ಸಿಎಸ್‌ಕೆಎಯ ಕೋಚ್ ಆಗಿ, ಹುಡುಗರಿಂದ ಬೇಸಿಗೆಯಲ್ಲಿ ಬರೀ ನೆಲದ ಮೇಲೆ ತೂಕ ಎತ್ತಿಸಿದರು, ಓಡಿಸಿದರು, ಫುಟ್‌ಬಾಲ್ ಆಡಿಸಿದರು, ಪಲ್ಟಿ ಹೊಡೆಸಿದರು. ಕೆನಡಾವನ್ನು ಕಾಪಿ ಹೊಡೆದ್ರೆ ಯಾವತ್ತೂ ಎರಡನೇ ಸ್ಥಾನವೇ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಒಬ್ಬನೇ ನುಗ್ಗೋ ಆಟ ಬಿಟ್ಟು, ಐದೂ ಜನ ಪಾಸ್ ಮಾಡ್ತಾ ಮುನ್ನಡೆಯೋ ಆಟ ಕಟ್ಟಿದರು. ನಮ್ಮ ಭಾಷೇಲಿ ಹೇಳಬೇಕಂದ್ರೆ, ಒಂದೊಂದು ಪಾರ್ಟ್ ಅಲ್ಲ, ಇಡೀ ಸಿಸ್ಟಮ್ ಡಿಸೈನ್ ಮಾಡಿದರು.

ಸಿಸ್ಟಮ್‌ಗೆ ಹುಡುಗರು ಬೇಕಲ್ಲ? 1964ರಲ್ಲಿ ಶುರುವಾದ ‘ಚಿನ್ನದ ಪಕ್’ ಅನ್ನೋ ಮಕ್ಕಳ ಟೂರ್ನಿಯ ಹಿಂದೆ ನಿಂತವರು ಅವರೇ. ವಠಾರದ ಅಂಗಳದಲ್ಲಿ ಆಡೋ ಮಕ್ಕಳೂ ತಂಡ ಕಟ್ಟಿಕೊಂಡು ಬರಬಹುದಿತ್ತು. ಇನ್ನು ವ್ಲಾದಿಸ್ಲಾವ್ ತ್ರೆತ್ಯಾಕ್ ಅನ್ನೋ 15ರ ಹುಡುಗನನ್ನು ಹಿರಿಯರ ಅಭ್ಯಾಸಕ್ಕೆ ಕರೆದು, ಕೈಗೆ ಟೆನಿಸ್ ಚೆಂಡು ಕೊಟ್ಟು, ಎಲ್ಲಿ ಹೋದರೂ ಎಸೆದು ಹಿಡೀತಿರು ಅಂತ ಹೇಳಿದರು. ಅದೇ ಹುಡುಗ 19ಕ್ಕೆ, ಅಂದ್ರೆ ನಮ್ಮ ವಯಸ್ಸಿಗೆ, ಒಲಿಂಪಿಕ್ ಚಿನ್ನ ಗೆದ್ದ ಗೋಲ್‌ಕೀಪರ್. ವಲೇರಿ ಖರ್ಲಾಮೊವ್ ಕುಳ್ಳಗಿದ್ದ. ತರಾಸೊವ್‌ಗೆ ಅವನ ಮೇಲೆ ಅನುಮಾನ. 1967ರಲ್ಲಿ ಅವನನ್ನು ಉರಲ್ ಕಡೆಯ ಚೆಬಾರ್ಕುಲ್‌ನ ಕೆಳದರ್ಜೆಯ ತಂಡಕ್ಕೆ ಕಳಿಸಿದರು. ಅಲ್ಲಿ ಅವನು ಗೋಲ್ ಮೇಲೆ ಗೋಲ್ ಹೊಡೆದ. ಕೆಲವೇ ತಿಂಗಳಲ್ಲಿ ವಾಪಸ್ ಕರೆಸಿಕೊಂಡರು. 1969ರಲ್ಲಿ ಅವನು ವಿಶ್ವ ಚಾಂಪಿಯನ್.

ಅರ್ಕಾದಿ ಚೆರ್ನಿಶೇವ್ ಜೊತೆ ಸೇರಿ ತರಾಸೊವ್ ರಾಷ್ಟ್ರೀಯ ತಂಡಕ್ಕೆ 1963ರಿಂದ 1971ರವರೆಗೆ ಸತತ 9 ವಿಶ್ವ ಚಾಂಪಿಯನ್‌ಶಿಪ್ ಗೆಲ್ಲಿಸಿದರು. 1964, 1968, 1972ರಲ್ಲಿ ಒಲಿಂಪಿಕ್ ಚಿನ್ನ ಬೇರೆ.

ಹಾಗಂತ ಅವರನ್ನು ದೇವರು ಮಾಡೋದು ಬೇಡ. ಮನುಷ್ಯ ಬಲು ಕಠಿಣ. ಆಟಗಾರರು ಹೆಸರಿಗೆ ಅಮೆಚೂರ್, ಕಾಗದದಲ್ಲಿ ಸೈನಿಕರು, ನಿಜದಲ್ಲಿ ವರ್ಷವಿಡೀ ಹಾಕಿಯೇ ಕೆಲಸ. ಸೇನೆಯ ಹೆಸರಲ್ಲಿ ಬೇರೆ ಕ್ಲಬ್‌ಗಳ ಒಳ್ಳೊಳ್ಳೆ ಹುಡುಗರನ್ನು ಸಿಎಸ್‌ಕೆಎ ಎಳೆದುಕೊಳ್ಳುತ್ತಿತ್ತು. ಕೋಪವೂ ಜಾಸ್ತಿ. 1969ರಲ್ಲಿ ಒಂದು ಗೋಲಿನ ಜಗಳಕ್ಕೆ, ಬ್ರೆಜ್ನೆವ್ ನೋಡ್ತಾ ಕೂತಿದ್ದಾಗಲೇ ತಂಡವನ್ನು ಅಂಕಣದಿಂದ ಆಚೆ ಕರ್ಕೊಂಡು ಹೋದರು. ಗೌರವ ಕೋಚ್ ಬಿರುದು ಹೋಯ್ತು, ಆಮೇಲೆ ಮರಳಿ ಬಂತು.

1972ರ ಒಲಿಂಪಿಕ್ಸ್ ಮುಗಿದ ಮೇಲೆ ಅವರು ರಾಷ್ಟ್ರೀಯ ತಂಡದ ಕೋಚ್ ಆಗಿ ಉಳಿಯಲಿಲ್ಲ. ಅದೇ ಸೆಪ್ಟೆಂಬರಲ್ಲಿ ಕೆನಡಾದ ವೃತ್ತಿಪರರ ವಿರುದ್ಧ 8 ಪಂದ್ಯಗಳ ಸರಣಿ. ಮಾಂಟ್ರಿಯಲ್‌ನ ಮೊದಲ ಪಂದ್ಯ ಸೋವಿಯತ್ ಪಾಲಿಗೆ 7-3. ಖರ್ಲಾಮೊವ್ 2 ಗೋಲ್ ಹೊಡೆದ, ಗೋಲಲ್ಲಿ ತ್ರೆತ್ಯಾಕ್. ಸರಣಿ ಕೊನೆಗೆ ಕೆನಡಾದ್ದಾಯ್ತು, ಆದರೆ ಒಂದೇ ಗೆಲುವಿನ ಅಂತರದಲ್ಲಿ. ಜೀವನವಿಡೀ ಯಾವ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡಿದ್ದರೋ, ಆ ದಿನ ಬೆಂಚಿನ ಹಿಂದೆ ಅವರೇ ಇರ್ಲಿಲ್ಲ.

1974ರಲ್ಲಿ ಕೆನಡಾದ ಹಾಕಿ ಹಾಲ್ ಆಫ್ ಫೇಮ್ ಅವರ ಹೆಸರು ಸೇರಿಸಿಕೊಂಡಿತು. 1995ರಲ್ಲಿ ಅವರು ತೀರಿಕೊಂಡರು.

ನಮಗೆ ಇದರಲ್ಲಿ ಹಿಡಿಸಿದ್ದು ಪದಕಗಳ ಲೆಕ್ಕಕ್ಕಿಂತ ಆ ಟೆನಿಸ್ ಚೆಂಡು. ಖರ್ಲಾಮೊವ್ ವಿಷಯದಲ್ಲಿ ಅವರ ಲೆಕ್ಕ ತಪ್ಪಿತ್ತು, ಆದರೂ ಅವನಿಗೆ ಆಡೋಕೆ ಒಂದು ಜಾಗ ಉಳಿಸಿದ್ದರು. ಮೊದಲ ವರ್ಷದ ಹುಡುಗ ಹುಡುಗಿಯರು ಯಾವುದೇ ಟೀಮಿನ ಸೆಲೆಕ್ಷನ್‌ಗೆ ಬಂದಾಗ, ಹೆಸರು ಹೊಡೆದುಹಾಕೋ ಮುಂಚೆ ನಾವು ಅವರ ಕೈಗೆ ಏನು ಕೊಟ್ಟು ಕಳಿಸ್ತೀವಿ?