ಆಟಿಕೆಯ ಬಡಗಿ

ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸಿ ಮಕ್ಕಳು ಮನೆ, ಸೇತುವೆ, ಬಂಡಿಗಳನ್ನು ಕಟ್ಟುತ್ತಾರೆ. ಅವಕ್ಕೆ ಮೋಟಾರನ್ನೂ ಗಾಲಿಗಳನ್ನೂ ಸೇರಿಸಿ, ತಾವಾಗಿಯೇ ಚಲಿಸುವ ಯಂತ್ರಗಳನ್ನು ಮನೆಯಲ್ಲಿಯೇ ನಿರ್ಮಿಸುವವರೂ ಉಂಟು. ಲೆಗೊ ಎಂದು ಲೋಕಪ್ರಸಿದ್ಧವಾದ ಈ ಇಟ್ಟಿಗೆಗಳ ಹಿಂದೆ ಒಬ್ಬ ಹಳ್ಳಿಯ ಬಡಗಿಯ ಬಾಳಿದೆ.

ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ನನು 1891ನೆಯ ಇಸವಿ ಏಪ್ರಿಲ್ 7ರಂದು ಡೆನ್ಮಾರ್ಕ್ ದೇಶದ ಜಟ್ಲೆಂಡ್ ಪ್ರಾಂತದ ಫಿಲ್ಸ್ಕೊವ್ ಎಂಬಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದನು. ಎಳವೆಯಲ್ಲಿಯೇ ಮರಗೆಲಸವನ್ನು ಕಲಿತ ಅವನು 1916ರಲ್ಲಿ ಬಿಲ್ಲುಂಡ್ ಗ್ರಾಮದ ಮರಗೆಲಸದ ಕಾರ್ಯಾಗಾರವೊಂದನ್ನು ಕೊಂಡು, ಸುತ್ತಣ ರೈತರಿಗೆ ಮನೆಗಳನ್ನೂ ಪೀಠೋಪಕರಣಗಳನ್ನೂ ಮಾಡಿಕೊಡತೊಡಗಿದನು.

ವಿಧಿ ಅವನನ್ನು ಮತ್ತೆ ಮತ್ತೆ ಪರೀಕ್ಷಿಸಿತು. 1924ರಲ್ಲಿ ಅವನ ಚಿಕ್ಕ ಮಕ್ಕಳಿಬ್ಬರು ಕಾರ್ಯಾಗಾರದಲ್ಲಿ ಹಚ್ಚಿದ ಕಿಡಿ ಮರದ ಹೊಟ್ಟಿಗೆ ತಗುಲಿ, ಕಾರ್ಯಾಗಾರದೊಡನೆ ಮನೆಯೂ ಸುಟ್ಟುಹೋಯಿತು. ಅವನು ಧೈರ್ಯಗುಂದದೆ ಅವನ್ನು ಮರಳಿ ಕಟ್ಟಿದನು. ಕೆಲವೇ ವರ್ಷಗಳಲ್ಲಿ ಜಗತ್ತನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟಿನಿಂದ ರೈತರ ಕೈ ಬರಿದಾಯಿತು; ಬಡಗಿಗೆ ಕೆಲಸವಿಲ್ಲದಾಯಿತು. 1932ರಲ್ಲಿ ಪತ್ನಿಯೂ ತೀರಿಕೊಂಡಳು. ನಾಲ್ವರು ಗಂಡುಮಕ್ಕಳ ಹೊಣೆ ಅವನೊಬ್ಬನ ಮೇಲೆ ಬಿದ್ದಿತು. ಆ ವರ್ಷವೇ ಅವನು ಏಣಿ, ಇಸ್ತ್ರಿ ಮಣೆಗಳಂತಹ ಸಣ್ಣ ವಸ್ತುಗಳ ಜೊತೆಗೆ ಮರದ ಆಟಿಕೆಗಳನ್ನು ಮಾಡಲಾರಂಭಿಸಿದನು. 1934ರಲ್ಲಿ, ಚೆನ್ನಾಗಿ ಆಡು ಎಂಬ ಅರ್ಥದ ಎರಡು ಡೇನಿಷ್ ಪದಗಳಿಂದ ಲೆಗೊ ಎಂಬ ಹೆಸರನ್ನು ರಚಿಸಿ ತನ್ನ ಸಂಸ್ಥೆಗೆ ಇಟ್ಟನು.

ಆಟಿಕೆ ಮಕ್ಕಳದೆಂದು ಕೆಲಸದಲ್ಲಿ ಉಪೇಕ್ಷೆ ಸಲ್ಲದೆಂಬುದು ಅವನ ನಿಲುವು. ಒಮ್ಮೆ ಮಗ ಗಾಟ್‌ಫ್ರೆಡ್ ಮರದ ಬಾತುಕೋಳಿಗಳಿಗೆ ಮೂರು ಸಲ ಬಳಿಯಬೇಕಾದ ವಾರ್ನಿಷನ್ನು ಎರಡೇ ಸಲ ಬಳಿದು, ಹಣ ಉಳಿಸಿದೆನೆಂದು ಹೆಮ್ಮೆಯಿಂದ ತಿಳಿಸಿದನು. ತಂದೆ ಮೆಚ್ಚಲಿಲ್ಲ. ರೈಲು ನಿಲ್ದಾಣಕ್ಕೆ ಹೋಗಿದ್ದ ಸರಕನ್ನು ಮಗನಿಂದಲೇ ಮರಳಿ ತರಿಸಿ, ಉಳಿದ ಕೆಲಸವನ್ನು ಅವನೊಬ್ಬನಿಂದಲೇ ಮಾಡಿಸಿದನು. ಆ ಪಾಠವನ್ನು ಗಾಟ್‌ಫ್ರೆಡ್ ಬಾಳಿನುದ್ದಕ್ಕೂ ಮರೆಯಲಿಲ್ಲ.

1942ರಲ್ಲಿ ಕಾರ್ಖಾನೆ ಮತ್ತೆ ಅಗ್ನಿಗೆ ಆಹುತಿಯಾಯಿತು. ಅವನು ಮತ್ತೆ ಕಟ್ಟಿದನು. ಮರದಲ್ಲಿಯೇ ಬಾಳು ಸವೆಸಿದ ಆ ಬಡಗಿ 1946ರಲ್ಲಿ, ಪ್ಲಾಸ್ಟಿಕ್ಕನ್ನು ಅಚ್ಚಿಗೆ ಎರೆಯುವ ದುಬಾರಿ ಯಂತ್ರವನ್ನು ಕೊಳ್ಳುವ ಸಾಹಸ ಮಾಡಿದನು. ಬ್ರಿಟನ್ನಿನ ಹಿಲರಿ ಪೇಜ್ ಎಂಬವನು ರೂಪಿಸಿದ್ದ ಇಟ್ಟಿಗೆಯನ್ನು ಮಾದರಿಯಾಗಿಟ್ಟುಕೊಂಡು 1949ರಲ್ಲಿ ಅವನ ಸಂಸ್ಥೆ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ತಯಾರಿಸಿತು. ಒಳಗೆ ಟೊಳ್ಳಾಗಿದ್ದ ಅವು ಬಿಗಿಯಾಗಿ ಹಿಡಿದು ನಿಲ್ಲುತ್ತಿರಲಿಲ್ಲ. ಇಟ್ಟಿಗೆಯ ಒಳಗೆ ಕೊಳವೆಗಳನ್ನಿಟ್ಟು, ಕೆಳಗಿನ ಇಟ್ಟಿಗೆಯ ಗುಬುಟುಗಳನ್ನು ಅವು ಒತ್ತಿ ಹಿಡಿಯುವಂತೆ ಮಾಡುವ ಉಪಾಯದಿಂದ ಈ ಕೊರತೆ ನೀಗಿತು. 1958ರ ಜನವರಿ 28ರಂದು ಗಾಟ್‌ಫ್ರೆಡ್ ಇದಕ್ಕಾಗಿ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದನು. ಅದೇ ವರ್ಷ ಮಾರ್ಚ್ 11ರಂದು ಕ್ರಿಸ್ಟಿಯನ್‌ಸನ್ನನು ಕಣ್ಮುಚ್ಚಿದನು.

ಅವನ ಇಟ್ಟಿಗೆ ಮುಂದೆ ಪಡೆದ ರೂಪವನ್ನು ಅವನು ಕಾಣಲಿಲ್ಲ. 1998ರಲ್ಲಿ ಇಟ್ಟಿಗೆಯೊಂದರಲ್ಲಿ ಪುಟ್ಟ ಗಣಕಯಂತ್ರವನ್ನೇ ಅಡಗಿಸಿದ ಮೈಂಡ್‌ಸ್ಟಾರ್ಮ್ಸ್ ಎಂಬ ಆಟಿಕೆ ಹೊರಬಂದಿತು. ಬೆಳಕನ್ನೂ ಸ್ಪರ್ಶವನ್ನೂ ಗುರುತಿಸಿ ನಡೆಯುವ ರೋಬಾಟುಗಳನ್ನು ಮಕ್ಕಳು ಅದರಿಂದ ಕಟ್ಟಿದರು. 2022ರಲ್ಲಿ ಅದರ ತಯಾರಿಕೆ ನಿಂತಿತಾದರೂ ಕಟ್ಟುವ ಹವ್ಯಾಸ ನಿಲ್ಲಲಿಲ್ಲ. ಕಟ್ಟಿದ್ದು ಬಿದ್ದರೆ ಬಿಡಿಭಾಗಗಳನ್ನು ಆಯ್ದು ಮರಳಿ ಕಟ್ಟಬಹುದೆಂಬುದೇ ಆ ಆಟದ ಗುಟ್ಟು. ಕ್ರಿಸ್ಟಿಯನ್‌ಸನ್ನನು ಬಾಳಿದ್ದೂ ಹಾಗೆಯೇ.